ತೆರವು ಅಂದರೆ ಏನು ಸ್ವಾಮಿ?

ಅಂಗಡಿಯ ಶಟರಿನ ಮೇಲೆ ಒಂದು ಹಾಳೆ ಅಂಟಿಸಿ ಹೋಗಿರುತ್ತಾರೆ. ಮೇಲೆ ನಾಲ್ಕು ಸಾಲು ಕಾಯ್ದೆ, ಕಲಮು, ಉಪಕಲಮು. ಕೆಳಗೆ ಒಂದು ಮೊಹರು, ಓದಲು ಬಾರದ ಒಂದು ಸಹಿ. ನಡುವೆ ಕೆಲಸದ ಮಾತು ಒಂದೇ ಒಂದು: 'ತೆರವುಗೊಳಿಸತಕ್ಕದ್ದು.' ಅಂಗಡಿಕಾರ ಅದನ್ನು ಎರಡು ಸಲ ಓದುತ್ತಾನೆ. ಬಾಜೂ ಅಂಗಡಿಯ ಹಿರಿಯರಿಗೆ ತೋರಿಸುತ್ತಾನೆ.

"ಏನು ತೆಗೀಬೇಕಂತ್ರಿ ಕಾಕಾ ಇದು? ಬೋರ್ಡೋ, ಮುಂದಿನ ತಗಡೋ, ಗ್ವಾಡಿನೋ?"

"ನನಗೂ ಹಂಗ ಬಂದೈತಿ ತಮ್ಮಾ. ನನಗೂ ತಿಳೀವಲ್ದು."

ತಿಳಿಯದಿರುವುದು ಅವರ ದಡ್ಡತನವಲ್ಲ. ಇಬ್ಬರೂ ಕಿರ್ದಿ ಖಾತೆ ಬರೆದು ಬದುಕಿದವರು. ಒಂದು ಪೈಸೆ ಎತ್ತ ಹೋಯಿತು ಎಂದು ಹೇಳಬಲ್ಲರು. ಗೋಜಲು ಇರುವುದು ಆ ಶಬ್ದದಲ್ಲಿ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಮೂರೂ ಪೇಟೆಗಳಲ್ಲಿ ರಸ್ತೆ ಅಗಲ ಮಾಡುವ ಮಾತು ಎದ್ದಾಗಲೆಲ್ಲ ಮೊದಲು ಬರುವ ಶಬ್ದ ಇದೇ. ಆದ್ದರಿಂದ ಈ ದಿನ ಈ ಶಬ್ದದ್ದೇ ಒಂದು ಪಂಚನಾಮೆ ಮಾಡೋಣ.

ತೆರವು ಹುಟ್ಟಿನಿಂದ ಸಾಧು ಶಬ್ದ. ಬಾಗಿಲು ತೆರೆ, ಕಣ್ಣು ತೆರೆ ಅನ್ನುತ್ತೇವಲ್ಲ, ಆ ಬಳಗದ್ದು. ಹಳಗನ್ನಡದಲ್ಲಿ ತೆರಪು ಎಂದಿತ್ತು. ಎಡೆ, ಅವಕಾಶ, ಬಿಡುವು ಎಂದು ಅರ್ಥ. ಅದರಲ್ಲಿ ಗುದ್ದಲಿಯ ಸಪ್ಪಳವಿಲ್ಲ, ಧೂಳಿಲ್ಲ. ಇಂದಿಗೂ ಬಹಳ ಕಡೆ ಆ ಸೌಮ್ಯ ಅರ್ಥವೇ ಉಳಿದಿದೆ. 2021ರಲ್ಲಿ ಸಿ.ಎಂ. ಉದಾಸಿಯವರ ನಿಧನದಿಂದ ಹಾನಗಲ್ಲ ಕ್ಷೇತ್ರ ತೆರವಾಯಿತು, ಅಕ್ಟೋಬರ್ 30ರಂದು ಮರುಮತದ ಸಾಲು ನಿಂತಿತು. 2024ರಲ್ಲಿ ಬಸವರಾಜ ಬೊಮ್ಮಾಯಿಯವರು ಲೋಕಸಭೆಗೆ ಹೋದ ಮೇಲೆ ಶಿಗ್ಗಾಂವಿ ತೆರವಾಯಿತು, ನವೆಂಬರ್ 13ರಂದು ಮತದಾನ ನಡೆಯಿತು. ಎರಡೂ ಸಲ ವಿಧಾನಸಭೆಯ ಕುರ್ಚಿ ಇದ್ದಲ್ಲೇ ಇತ್ತು. ಅದರ ಒಂದು ಕಾಲನ್ನೂ ಯಾರೂ ಮುರಿಯಲಿಲ್ಲ. ಕೋರ್ಟಿನಲ್ಲಿ ತಡೆಯಾಜ್ಞೆ ತೆರವಾಗುತ್ತದೆ. 2020ರಲ್ಲಿ ಲಾಕ್‌ಡೌನ್ ತೆರವಾದಾಗ ಪೇಟೆಯ ಜನ ನಿಟ್ಟುಸಿರು ಬಿಟ್ಟರು. ಇಲ್ಲೆಲ್ಲ ತೆರವು ಅಂದರೆ ಅಡ್ಡಿ ಸರಿಯಿತು, ಜಾಗ ಬಿಡುವಾಯಿತು ಎಂದಷ್ಟೇ.

ಆಡುಮಾತಿನಲ್ಲಿ ಈ ಶಬ್ದ ನಮ್ಮ ಕಡೆ ಬಹಳ ಓಡುವುದಿಲ್ಲ. ಹಾವೇರಿ ಬಸ್‌ಸ್ಟ್ಯಾಂಡಿನಲ್ಲಿ ಟವೆಲ್ ಹಾಕಿ ಸೀಟು ಹಿಡಿಯುವ ಮನುಷ್ಯ 'ಸೀಟು ತೆರವಾಯಿತು' ಅನ್ನುವುದನ್ನು ಯಾರಾದರೂ ಕೇಳಿದ್ದೀರಾ? 'ಖಾಲಿ ಆತು, ಬಾ' ಅನ್ನುತ್ತಾನೆ. ಮನೆ ಖಾಲಿ, ಅಂಗಡಿ ಖಾಲಿ, ಕಿಸೆ ಖಾಲಿ. ಹೊರಗಿನಿಂದ ಬಂದ ಶಬ್ದವಾದರೂ ಅದರ ಅರ್ಥದಲ್ಲಿ ಯಾರಿಗೂ ಅನುಮಾನವಿಲ್ಲ. ತೆರವು ಕಾಗದದ ಮೇಲಿನ ಶಬ್ದವಾಗಿಯೇ ಉಳಿಯಿತು, ಅದೇ ಅದಕ್ಕೆ ಮುಳುವಾಯಿತು. ಕಾಗದದ ಶಬ್ದಕ್ಕೆ ಕಚೇರಿ ಹೇಳಿದ್ದೇ ಅರ್ಥ.

ಹೇಗೆ ತಿರುಗಿತು ನೋಡಿ. ಮೊದಲು 'ಅತಿಕ್ರಮಣ ತೆರವು'. ಬೆಂಗಳೂರು ಮೈಸೂರು ಕಡೆಯವರ ಬಾಯಲ್ಲಿ ಅದೇ 'ಒತ್ತುವರಿ ತೆರವು'. ಅಲ್ಲಿಯವರೆಗೆ ಮಾತು ಸರಿಯಾಗಿಯೇ ಇತ್ತು: ಗಟಾರದ ಮೇಲೆ ಕಟ್ಟಿದ ಮೆಟ್ಟಿಲು, ಫುಟ್‌ಪಾತಿಗೆ ಇಳಿಸಿದ ತಗಡು ಹೋದರೆ ಜಾಗ ನಿಜವಾಗಿಯೂ ತೆರವಾಗುತ್ತದೆ. ಬರಬರುತ್ತ ಇಡೀ ಮನೆ, ಮಾಳಿಗೆ, ಎರಡಂತಸ್ತಿನ ಅಂಗಡಿಗಳೂ ಅದೇ ಶಬ್ದದೊಳಗೆ ತೂರಿದವು. 2016ರ ಆಗಸ್ಟಿನಲ್ಲಿ ಬೆಂಗಳೂರಿನ ರಾಜಕಾಲುವೆಗಳ ಮೇಲಿದ್ದ ಮನೆಗಳನ್ನು ಯಂತ್ರದಿಂದ ಒಡೆದಾಗಲೂ ಕಾಗದದಲ್ಲಿ ಇದ್ದದ್ದು ತೆರವೇ. ಬಾಲಕ್ಕೆ 'ಕಾರ್ಯಾಚರಣೆ' ಬೇರೆ ಸೇರಿತು. ಸೈನ್ಯ ಗಡಿಯಲ್ಲಿ ನಡೆಸುವುದೂ ಕಾರ್ಯಾಚರಣೆ, ಸಿಬ್ಬಂದಿ ಭಜಿ ಗಾಡಿ ಎತ್ತುವುದೂ ಕಾರ್ಯಾಚರಣೆ!

ಇದಕ್ಕೆ ಕನ್ನಡದಲ್ಲಿ ನೇರ ಶಬ್ದ ಇಲ್ಲವೇ? ಇದೆ. ಕೆಡವು.

ಹಳಗನ್ನಡದಲ್ಲಿ ಕೆಡೆ ಅಂದರೆ ಬೀಳು. ಬೀಳುವಂತೆ ಮಾಡುವುದು ಕೆಡಪು. ಅದು ಕೆಡಹು ಆಗಿ, ಕೆಡವು ಆಗಿ ನಮ್ಮ ಬಾಯಿಗೆ ಬಂತು. ಹಾಲು ಕೆಡುತ್ತದೆ, ಹುಡುಗ ಕೆಡುತ್ತಾನೆ. ಆ ಕೆಡು ಬೇರೆ, ಇದು ಬೇರೆ. ಜಾತ್ರೆಯ ಕಣದಲ್ಲಿ ಪೈಲವಾನ ಎದುರಾಳಿಯನ್ನು ಕೆಡವುತ್ತಾನೆ. ಹೊಲದ ಬದುವಿನ ಮರ ಹತ್ತಿ ಹುಣಸೆಕಾಯಿ ಕೆಡವುತ್ತಾರೆ. ಈ ಶಬ್ದದ ದೊಡ್ಡ ಗುಣವೆಂದರೆ ಮಾಡಿದವನನ್ನು ಅದು ಬಚ್ಚಿಡುವುದಿಲ್ಲ. 'ಮನಿ ಕೆಡವಿದ್ರು' ಅಂದ ಕೂಡಲೇ 'ಯಾರು?' ಎಂಬ ಪ್ರಶ್ನೆ ಹಿಂದೆಯೇ ಬರುತ್ತದೆ. 'ತೆರವುಗೊಂಡಿದೆ' ಅಂದರೆ ಯಾರೂ ಕೇಳುವುದಿಲ್ಲ. ತಾನಾಗಿಯೇ ಮಂಜು ಕರಗಿದಂತೆ ಕೇಳಿಸುತ್ತದೆ. ಕಚೇರಿಗಳಿಗೆ ತೆರವು ಯಾಕೆ ಇಷ್ಟವಾಯಿತು ಎಂಬುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಬೀಳುವುದು ಮತ್ತು ಕೆಡವುವುದು, ಈ ಎರಡರ ನಡುವಿನ ಅಂತರ ರೂಪಾಯಿಯಲ್ಲಿ ಎಷ್ಟು ಎಂದು ನಮ್ಮ ಜಿಲ್ಲೆಯ ಹಳ್ಳಿಗಳಿಗೆ ಗೊತ್ತು. 2019ರ ಆಗಸ್ಟಿನ ನೆರೆಯಲ್ಲಿ ವರದಾ, ತುಂಗಭದ್ರೆಯ ದಂಡೆಯ ಊರುಗಳಲ್ಲಿ ಮಣ್ಣಿನ ಮನೆಗಳು ಬಿದ್ದವು. ಸರ್ಕಾರ ಅವನ್ನು ಎ, ಬಿ, ಸಿ ಎಂದು ವಿಂಗಡಿಸಿತು. ಪೂರ್ತಿ ಬಿದ್ದ ಮನೆಗೆ 5 ಲಕ್ಷ. ಅರ್ಧ ಬಿದ್ದು, ಉಳಿದರ್ಧ ಇಂದೋ ನಾಳೆಯೋ ತಲೆಯ ಮೇಲೆ ಬೀಳುವ ಹಾಗಿದ್ದ ಗೋಡೆಯನ್ನು ಮನೆಯವರೇ ಇಳಿಸಿಬಿಟ್ಟರೆ ಅದು ಬಿದ್ದದ್ದೋ, ಕೆಡವಿದ್ದೋ? ಪಂಚನಾಮೆ ಬರೆಯುವವರ ಪೆನ್ನಿನಲ್ಲಿ ಯಾವ ಶಬ್ದ ಬಂತೋ ಅದರ ಮೇಲೆ ಲಕ್ಷಗಳ ಲೆಕ್ಕ. ಶಬ್ದದ ಚರ್ಚೆ ಮೇಷ್ಟ್ರುಗಳ ಹರಟೆ ಎನ್ನುವವರು ಆ ಊರುಗಳಲ್ಲಿ ಹೋಗಿ ಹೇಳಿ ಬರಲಿ.

ಇನ್ನು ನಮ್ಮ ಜನ ಮನೆಯ ವಿಷಯದಲ್ಲಿ ಎಷ್ಟು ಸೂಕ್ಷ್ಮ ಎಂದರೆ ಪ್ರತಿ ಕ್ರಿಯೆಗೂ ಬೇರೆ ಶಬ್ದ ಇಟ್ಟಿದ್ದಾರೆ. ಮನೆ ಒಡೆಯಿತು ಅಂದರೆ ಅಣ್ಣತಮ್ಮಂದಿರು ಭಾಗವಾದರು. ಗೋಡೆಗೆ ಏನೂ ಆಗಿಲ್ಲ. ಮನೆಮುರುಕ ಅಂದರೆ ಸಂಸಾರದಲ್ಲಿ ಹುಳಿ ಹಿಂಡುವವನು. ಅವನ ಕೈಯಲ್ಲಿ ಹಾರೆ ಇರುವುದಿಲ್ಲ. ಗೂಟ ಕೀಳುತ್ತೇವೆ, ಡೇರೆ ಕೀಳುತ್ತೇವೆ. 1990ರ ದಶಕದಲ್ಲಿ ನಮ್ಮ ಮೂರೂ ಸ್ಟೇಷನ್ನುಗಳ ಮೀಟರ್ ಗೇಜ್ ಹಳಿ ಕಿತ್ತು ಬ್ರಾಡ್ ಗೇಜ್ ಹಾಕಿದರು. ಇವುಗಳ ನಡುವೆ ಒಂದು ಶಬ್ದ ನಮಗೆ ಎಲ್ಲಕ್ಕಿಂತ ಮುಖ್ಯ, ಅದರ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕು.

ಅದು ಬಿಚ್ಚು.

'ಹಳೇ ಮನಿ ಬಿಚ್ಚಿದ್ವಿ' ಅನ್ನುತ್ತಾರೆ. ಗಂಟು ಬಿಚ್ಚಿದ ಹಾಗೆ, ಗಾಡಿ ಬಿಚ್ಚಿದ ಹಾಗೆ. ಗ್ಯಾರೇಜಿನವ ಇಂಜಿನ್ ಬಿಚ್ಚುತ್ತಾನೆ, ಗೌಂಡಿ ಸ್ಲ್ಯಾಬಿನ ಸೆಂಟ್ರಿಂಗ್ ಬಿಚ್ಚುತ್ತಾನೆ, ಮದುವೆ ಮುಗಿದ ಮೇಲೆ ಪೆಂಡಾಲು ಬಿಚ್ಚುತ್ತಾರೆ. ಬಿಚ್ಚಿದ್ದನ್ನು ಮತ್ತೆ ಕಟ್ಟಬಹುದು ಎಂಬ ಭರವಸೆ ಆ ಶಬ್ದದೊಳಗೇ ಕೂತಿದೆ. ಹಳೆಯ ಮನೆ ಬಿಚ್ಚುವುದಕ್ಕೆ ಒಂದು ಕ್ರಮವಿದೆ. ಕಟ್ಟಿದ್ದರ ಉಲ್ಟಾ ಕ್ರಮ. ಮೊದಲು ಹಂಚು, ಒಂದೊಂದಾಗಿ, ಕೈಯಿಂದ ಕೈಗೆ. ಆಮೇಲೆ ರೀಪು. ಆಮೇಲೆ ಜಂತಿ, ತೊಲಿ. ಕಡೆಗೆ ಕಂಬ, ಬಾಗಿಲು, ಚೌಕಟ್ಟು. ಮೊಳೆ ಬಾಗದಂತೆ ತೆಗೆಯುವ ಬಡಿಗೇರ ಸಿಕ್ಕರೆ ಮೊಳೆಯೂ ಉಳಿಯುತ್ತದೆ. ಸಾಗವಾನಿಯ ಹಳೆಯ ತೊಲಿ ಇಂದಿನ ಹೊಸ ಕಟ್ಟಿಗೆಗಿಂತ ಗಟ್ಟಿ. ಅದನ್ನು ಹುಡುಕಿಕೊಂಡು ಬಂದು ಕೊಳ್ಳುವವರಿದ್ದಾರೆ. ಅಜ್ಜ ಮಾಡಿಸಿದ ಬಾಗಿಲು ಮೊಮ್ಮಗನ ಹೊಸ ಮನೆಗೆ ಹೋಗಿ ಕೂತ ಉದಾಹರಣೆ ಓದುಗರ ಓಣಿಯಲ್ಲೇ ಇರಬೇಕು.

ಅಂಗಡಿಗೂ ಇದೇ ಲೆಕ್ಕ. ಶಟರು, ತಗಡು, ಕಬ್ಬಿಣದ ಆಂಗಲ್, ಕಟ್ಟೆಯ ಮೇಲಿನ ಕಡಪಾ ಕಲ್ಲು, ಗಾಜಿನ ಶೋಕೇಸು, ಗೋಡೆಯ ರ‍್ಯಾಕು, ವೈರಿಂಗು, ಮೀಟರ್ ಬೋರ್ಡು. ನಾಲ್ಕು ದಿನ ಸಿಕ್ಕರೆ ಇದಿಷ್ಟೂ ಬಿಚ್ಚಿ ಬೇರೆ ಕಡೆ ಜೋಡಿಸಬಹುದು. ಬೆಳಗಿನ ಆರು ಗಂಟೆಗೆ ಯಂತ್ರ ಬಂದು ನಿಂತರೆ ಇದಿಷ್ಟೂ ಮೋಡಕಾ. ತೂಕಕ್ಕೆ ಹೋಗುತ್ತದೆ.

ಯಂತ್ರ ಅಂದೆವಲ್ಲ, ಅದರ ಹೆಸರೂ ಈಗ ಕನ್ನಡ ಕ್ರಿಯಾಪದವೇ ಆಗಿಹೋಗಿದೆ. 'ಜೆಸಿಬಿ ಹಚ್ಚಿದ್ರು' ಅಂದರೆ ಮುಂದಿನದು ಹೇಳಬೇಕಾಗಿಲ್ಲ. ಜೋಸೆಫ್ ಸಿರಿಲ್ ಬ್ಯಾಮ್‌ಫೋರ್ಡ್ ಎಂಬ ಇಂಗ್ಲೆಂಡಿನ ಒಬ್ಬಾತ 1945ರಲ್ಲಿ ಕಟ್ಟಿದ ಕಂಪನಿಗೆ ತನ್ನ ಹೆಸರಿನ ಮೂರು ಅಕ್ಷರ ಇಟ್ಟ. ಈಗ ಯಾವ ಕಂಪನಿಯ ಯಂತ್ರ ಬಂದರೂ ನಮಗೆ ಅದು ಜೆಸಿಬಿಯೇ. ವನಸ್ಪತಿಯೆಲ್ಲ ಡಾಲ್ಡಾ ಆದಂತೆ. ಅದರ ಬಾಡಿಗೆ ತಾಸಿನ ಲೆಕ್ಕ. ತಾಸಿನ ಲೆಕ್ಕದ ಯಂತ್ರಕ್ಕೆ ಬಿಚ್ಚುವ ವ್ಯವಧಾನ ಎಲ್ಲಿಂದ ಬರಬೇಕು?

ಆದ್ದರಿಂದ ಬಿಚ್ಚುವುದಕ್ಕೂ ಕೆಡವುವುದಕ್ಕೂ ಇರುವ ಅಂತರ ವ್ಯಾಕರಣದ್ದಲ್ಲ, ದಿನಗಳದ್ದು. ನೋಟಿಸಿನ ತಾರೀಖಿಗೂ ಯಂತ್ರ ಬರುವ ತಾರೀಖಿಗೂ ನಡುವೆ ಎಷ್ಟು ದಿನ ಇವೆ ಎಂಬುದರ ಮೇಲೆ ಒಬ್ಬ ಅಂಗಡಿಕಾರನ ಸಾಮಾನು ಸಾಮಾನಾಗಿ ಉಳಿಯುತ್ತದೋ, ಮಣ್ಣು ಪಾಲಾಗುತ್ತದೋ ಎಂಬುದು ನಿಂತಿದೆ.

ಈ ದಿನಗಳ ವಿಷಯದಲ್ಲಿ ದೇಶದ ದೊಡ್ಡ ನ್ಯಾಯಾಲಯವೇ ಮಾತಾಡಿದೆ. ಶಿಗ್ಗಾಂವಿಯ ಜನ ತೆರವಾದ ಸ್ಥಾನಕ್ಕೆ ಮತ ಹಾಕುತ್ತಿದ್ದ ಅದೇ 2024ರ ನವೆಂಬರ್ 13ರಂದು, ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಬಿ.ಆರ್. ಗವಾಯಿ ಮತ್ತು ಕೆ.ವಿ. ವಿಶ್ವನಾಥನ್ ಅವರ ಪೀಠ ಕಟ್ಟಡ ಕೆಡವುವ ಬಗ್ಗೆ ಇಡೀ ದೇಶಕ್ಕೆ ನಿಯಮ ಹಾಕಿಕೊಟ್ಟಿತು. ಮಾಲೀಕನಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ನೋಟಿಸು ಹೋಗಬೇಕು, ಕಟ್ಟಡದ ಮೇಲೂ ಅಂಟಿಸಬೇಕು. ಕಡಿಮೆಯೆಂದರೆ 15 ದಿನ ಕೊಡಬೇಕು. ಸ್ಥಳೀಯ ಕಾಯ್ದೆಯಲ್ಲಿ ಹೆಚ್ಚು ಇದ್ದರೆ ಹೆಚ್ಚು. ಯಾವ ಭಾಗ ಅಕ್ರಮ, ಯಾಕೆ ಅಕ್ರಮ ಎಂದು ನೋಟಿಸಿನಲ್ಲಿ ಬರೆಯಬೇಕು. ಮಾಲೀಕನ ಮಾತು ಕೇಳಬೇಕು. ಕೊನೆಯ ಆದೇಶ ಬಂದ ಮೇಲೂ ಇನ್ನೊಂದು 15 ದಿನ, ತನ್ನ ಕಟ್ಟಡವನ್ನು ತಾನೇ ತೆಗೆದುಕೊಳ್ಳಲು. ಕೆಡವುವಾಗ ವಿಡಿಯೋ ಆಗಬೇಕು. ಇದನ್ನು ಮೀರಿದರೆ ಮತ್ತೆ ಕಟ್ಟಿಕೊಡುವ ಖರ್ಚು ಅಧಿಕಾರಿಯ ಕಿಸೆಯಿಂದ. ಆ ಎರಡನೆಯ ಹದಿನೈದು ದಿನವನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ, ಬಿಚ್ಚಿಕೊಳ್ಳುವ ಅವಧಿ.

ಆದರೆ ಓದುಗರು ಅರ್ಧ ಕೇಳಿ ಓಡಬಾರದು. ರಸ್ತೆ, ಬೀದಿ, ಫುಟ್‌ಪಾತು, ರೈಲು ಹಳಿಯ ಪಕ್ಕ, ನದಿ ಕೆರೆ, ಇಂಥ ಸಾರ್ವಜನಿಕ ಜಾಗದಲ್ಲಿ ಕಟ್ಟಿದ ಅಕ್ರಮಕ್ಕೆ ಈ ರಕ್ಷಣೆ ಇಲ್ಲ. ಕೋರ್ಟೇ ಕೆಡವಲು ಹೇಳಿದ್ದಕ್ಕೂ ಇಲ್ಲ. ಗಟಾರದ ಮೇಲೆ ಮೆಟ್ಟಿಲು ಕಟ್ಟಿಕೊಂಡು ಕೈಯಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಹಿಡಿದರೆ ನಡೆಯುವುದಿಲ್ಲ. ತಳ್ಳುಗಾಡಿ, ಬುಟ್ಟಿ ವ್ಯಾಪಾರದವರಿಗೆ ಬೇರೆಯದೇ ಕಾಯ್ದೆ ಇದೆ, 2014ರ ಬೀದಿ ವ್ಯಾಪಾರಿಗಳ ಕಾಯ್ದೆ. ಅದರಲ್ಲಿ ಅವರನ್ನು ಎಬ್ಬಿಸಬೇಕಾದರೆ 30 ದಿನದ ನೋಟಿಸು. ಮಾಲು ಜಪ್ತಿ ಮಾಡಿದರೆ ಪಟ್ಟಿ ಬರೆದುಕೊಡಬೇಕು; ಕೇಳಿದರೆ ಕಾಯಿಪಲ್ಲೆಯಂಥದ್ದನ್ನು ಅದೇ ದಿನ, ಕೆಡದ ಸಾಮಾನನ್ನು ಎರಡು ಕೆಲಸದ ದಿನದೊಳಗೆ ತಿರುಗಿ ಕೊಡಬೇಕು.

ಇಷ್ಟು ಬರೆದ ಮಾತ್ರಕ್ಕೆ ನಾವು ರಸ್ತೆ ಅಗಲ ಆಗಬಾರದು ಎನ್ನುವ ಪಕ್ಷದವರು ಎಂದು ಯಾರೂ ತಿಳಿಯಬೇಕಾಗಿಲ್ಲ. ಬ್ಯಾಡಗಿಯ ಮುಖ್ಯರಸ್ತೆಯ ವ್ಯಾಜ್ಯವನ್ನೇ ತೆಗೆದುಕೊಳ್ಳಿ. ವರ್ಷಗಟ್ಟಲೆ ನಡೆಯಿತು. ಅಗಲ ಮಾಡಿ ಎಂದು ಧರಣಿ, ಬಂದ್ ಆದವು; ಬೇಡ ಎನ್ನುವವರು ಕೋರ್ಟಿನ ಮೆಟ್ಟಿಲು ಹತ್ತಿದರು. ಮೆಣಸಿನಕಾಯಿ ಹಂಗಾಮಿನಲ್ಲಿ ಲಾರಿ, ಟ್ರ್ಯಾಕ್ಟರುಗಳ ನಡುವೆ ಸಿಕ್ಕಿಕೊಂಡ ಬಸ್ಸಿನಲ್ಲಿ ಬೆವರುತ್ತ ಕೂತವರಿಗೆ ಆ ರಸ್ತೆ ಯಾಕೆ ಅಗಲವಾಗಬೇಕು ಎಂದು ಯಾರೂ ಭಾಷಣ ಮಾಡಿ ಹೇಳಬೇಕಾಗಿಲ್ಲ. ಅದೇ ಹೊತ್ತಿಗೆ ಹತ್ತಡಿ ಅಂಗಡಿಯಲ್ಲಿ ಆರಡಿ ಹೋದರೆ ಉಳಿದ ನಾಲ್ಕಡಿಯಲ್ಲಿ ಏನು ಮಾರಲಿ ಎನ್ನುವವನ ಮಾತೂ ಸುಳ್ಳಲ್ಲ. ಬಸ್ಸಿನವರು ಒಂದು ಕಡೆ, ಅಂಗಡಿಯವರು ಒಂದು ಕಡೆ ಎಂದು ಪೇಟೆಯನ್ನೇ ಎರಡು ಮಾಡುವುದು ಸುಲಭ. ಆದರೆ ಬಸ್ಸಿನಿಂದ ಇಳಿದವನೇ ಅಂಗಡಿಗೆ ಗಿರಾಕಿ, ಅಂಗಡಿ ಮುಚ್ಚಿದವನೇ ರಾತ್ರಿ ಬಸ್ಸಿಗೆ ಪ್ಯಾಸೆಂಜರ್. ಇಬ್ಬರಿಗೂ ಬೇಕಾದದ್ದು ಒಂದೇ: ಎಲ್ಲಿಯವರೆಗೆ, ಯಾವಾಗ, ಎಷ್ಟು ಎಂಬ ಖಚಿತ ಮಾತು. ಅದು ಸಿಗದಿದ್ದರೆ ವ್ಯಾಜ್ಯ ಉದ್ದವಾಗುತ್ತದೆ, ವ್ಯಾಜ್ಯ ಉದ್ದವಾದಷ್ಟೂ ರಸ್ತೆ ಇಕ್ಕಟ್ಟಾಗಿಯೇ ಇರುತ್ತದೆ.

ಕಚೇರಿಯವರದು ಮೆತ್ತನೆಯ ಶಬ್ದದ ಚಟವಾದರೆ ಪತ್ರಿಕೆಗಳದು ಗಟ್ಟಿ ಶಬ್ದದ ಚಟ. ಅಲ್ಲಿ ತೆರವು, ಇಲ್ಲಿ ನೆಲಸಮ. (ನೆಲ ಕನ್ನಡ, ಸಮ ಸಂಸ್ಕೃತ, ಇಂಥ ಬೆರಕೆಗೆ ಹಿಂದಿನ ವ್ಯಾಕರಣದವರು ಅರಿಸಮಾಸ ಎಂದು ಮುಖ ಸಿಂಡರಿಸುತ್ತಿದ್ದರು. ಇರಲಿ, ಶಬ್ದ ಜನರಿಗೆ ಒಗ್ಗಿದೆ.) ನೆಲಸಮ ಅಂದರೆ ನೆಲಕ್ಕೆ ಸಮವಾಗಬೇಕು, ಮುಂದಿನ ಕಟ್ಟೆ ಒಡೆದದ್ದಕ್ಕೆಲ್ಲ ನೆಲಸಮ ಎಂದರೆ ನಿಜವಾಗಿ ನೆಲಸಮವಾದವನಿಗೆ ಯಾವ ಶಬ್ದ ಉಳಿಯುತ್ತದೆ? 2024ರ ಮಾರ್ಚ್ 11ರಂದು ಮೆಣಸಿನಕಾಯಿ ದರ ಬಿತ್ತೆಂದು ಸಿಟ್ಟಿಗೆದ್ದ ರೈತರು ಬ್ಯಾಡಗಿ ಎಪಿಎಂಸಿ ಕಚೇರಿಗೆ ನುಗ್ಗಿ ಒಡೆದರು, ವಾಹನಗಳಿಗೆ ಬೆಂಕಿ ಇಟ್ಟರು. ಅದು ಧ್ವಂಸ. ಸಿಟ್ಟಿನ ಕೆಲಸ. ನೋಟಿಸು, ಅಳತೆ, ಆದೇಶ ಎಲ್ಲ ಆಗಿ ಕೆಡವುವುದು ಕಾಯ್ದೆಯ ಕೆಲಸ. ಇವೆರಡಕ್ಕೂ ಒಂದೇ ಶಬ್ದ ಹಚ್ಚಿದರೆ ಕಾಯ್ದೆಗೂ ಸಿಟ್ಟಿಗೂ ವ್ಯತ್ಯಾಸವೇ ಇಲ್ಲವೆಂದು ಓದುಗ ತಿಳಿದಾನು.

ಇನ್ನೊಬ್ಬರ ಮಾತು ಉಳಿದಿದೆ. ಅವರೇ ಬಾಡಿಗೆ ಅಂಗಡಿಯವರು, ಪೇಟೆಯಲ್ಲಿ ದೊಡ್ಡ ಸಂಖ್ಯೆಯವರು. ಕಟ್ಟಡಕ್ಕೆ ತೆರವು, ಮಾಲೀಕನಿಗೆ ಪರಿಹಾರ, ಬಾಡಿಗೆಯವನಿಗೆ 'ಖಾಲಿ ಮಾಡು'. ಅವನ ಪಾಲಿಗೆ ನಡೆಯುವುದು ತೆರವೂ ಅಲ್ಲ, ಕೆಡವುವುದೂ ಅಲ್ಲ. ಅದಕ್ಕೆ ಕನ್ನಡದಲ್ಲಿ ಒಳ್ಳೆಯ ಹಳೆಯ ಶಬ್ದವಿದೆ, ಒಕ್ಕಲೆಬ್ಬಿಸುವುದು. ಒಕ್ಕಲು ಅಂದರೆ ಬರೀ ಮನುಷ್ಯನಲ್ಲ, ಅವನ ಬೇರು, ಬದುಕು, ಗಿರಾಕಿ ಎಲ್ಲ ಸೇರಿದ್ದು. ಇಪ್ಪತ್ತು ವರ್ಷ ಒಂದೇ ಮೂಲೆಯಲ್ಲಿ ಕೂತು 'ಆ ಮೂಲಿ ಅಂಗಡಿ' ಎಂಬ ಹೆಸರು ಗಳಿಸಿದವನಿಗೆ ಇನ್ನೊಂದು ಮೂಲೆಯಲ್ಲಿ ಆ ಹೆಸರು ಸಿಗುವುದಿಲ್ಲ. ಸರ್ಕಾರ ಖಾಸಗಿ ಜಾಗವನ್ನು ಸ್ವಾಧೀನ ಮಾಡಿಕೊಳ್ಳುವಾಗ ಲಾಗೂ ಆಗುವ 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಇವನ ನೆನಪು ಇದೆ. ಜಾಗ ತನ್ನದಲ್ಲದಿದ್ದರೂ, ಯಾವುದೇ ಬಗೆಯ ಬಾಡಿಗೆದಾರನಾಗಿಯೋ ಕೆಲಸಗಾರನಾಗಿಯೋ ಅಲ್ಲಿ ಹಿಂದಿನ ಮೂರು ವರ್ಷ ದುಡಿದು, ಸ್ವಾಧೀನದಿಂದ ಮುಖ್ಯ ಜೀವನೋಪಾಯಕ್ಕೆ ಪೆಟ್ಟು ಬಿದ್ದವರ ಕುಟುಂಬವೂ ಬಾಧಿತ ಕುಟುಂಬವೇ ಎಂದು ಅದು ಹೇಳುತ್ತದೆ. ಬಾಡಿಗೆ ಕರಾರು, ವ್ಯಾಪಾರದ ಲೈಸೆನ್ಸು, ಲೈಟ್ ಬಿಲ್ಲು ಇವನ್ನು ಗಲ್ಲಾಪೆಟ್ಟಿಗೆಯಲ್ಲಿ ಜೋಪಾನ ಇಟ್ಟವನಿಗೆ ಮಾತ್ರ ಇದರಿಂದ ಪ್ರಯೋಜನ.

ಅಧಿಕಾರಿಗಳನ್ನು ನಾವು ಕೇಳುವುದು ಕವಿತೆಯನ್ನಲ್ಲ. ಹಾವೇರಿ, ರಾಣೆಬೆನ್ನೂರು ನಗರಸಭೆ, ಬ್ಯಾಡಗಿ ಪುರಸಭೆ, ಲೋಕೋಪಯೋಗಿಯವರು, ಯಾರೇ ಮುಂದೆ ನೋಟಿಸು ಕೊಡಲಿ, ಬೋರ್ಡು ತೆಗೆಯಬೇಕಿದ್ದರೆ 'ತೆಗೆಯಿರಿ' ಎಂದು ಬರೆಯಲಿ. ಗೋಡೆ ಒಡೆಯುವುದಿದ್ದರೆ 'ಕೆಡವುತ್ತೇವೆ' ಎಂದೇ ಬರೆಯಲಿ. ರಸ್ತೆಯ ನಡುವಿನಿಂದ ಎಷ್ಟು ಅಡಿ ಎಂದು ಅಂಕಿಯಲ್ಲಿ ಹಾಕಲಿ, ಅದೇ ಅಳತೆಗೆ ಗೋಡೆಯ ಮೇಲೆ ಕೆಂಪು ಗೆರೆ ಎಳೆಯಲಿ. ಬಿಚ್ಚಿಕೊಳ್ಳಲು ಎಷ್ಟು ದಿನ ಎಂದು ಬೇರೆ ಸಾಲಿನಲ್ಲಿ ಹೇಳಲಿ. 'ಸ್ವಯಂಪ್ರೇರಣೆಯಿಂದ ತೆರವುಗೊಳಿಸಿಕೊಳ್ಳತಕ್ಕದ್ದು, ತಪ್ಪಿದಲ್ಲಿ ಕ್ರಮ' ಎಂಬ ಸಾಲನ್ನು ದಯವಿಟ್ಟು ಬಿಡಲಿ. ತಪ್ಪಿದಲ್ಲಿ ಯಂತ್ರ ಬರುವುದಾದರೆ ಅದು ಎಂಥ ಸ್ವಯಂಪ್ರೇರಣೆ ಸ್ವಾಮಿ?

ಅಂಗಡಿಕಾರರಿಗೂ ಒಂದು ಮಾತು. ಅಂಥ ಹಾಳೆ ಶಟರಿನ ಮೇಲೆ ಕಂಡರೆ ಹರಿದು ಬಿಸಾಡಬೇಡಿ, ಪುಢಾರಿಗಳ ಮನೆಗೆ ಓಡಲೂ ಬೇಡಿ. ಹಾಳೆಯ ಫೋಟೋ ತೆಗೆಸಿ. ಒಂದು ಬಿಳಿ ಕಾಗದದ ಮೇಲೆ ಮೂರು ಸಾಲು ಬರೆಯಿರಿ: ತೆರವು ಅಂದರೆ ನನ್ನ ಅಂಗಡಿಯ ಯಾವ ಭಾಗ, ಯಾವ ಕಾಯ್ದೆಯಡಿ, ಯಾವ ತಾರೀಖಿನೊಳಗೆ? ಅದನ್ನು ಕಚೇರಿಯಲ್ಲಿ ಕೊಟ್ಟು, ನಕಲಿನ ಮೇಲೆ ಮೊಹರು, ತಾರೀಖು ಹಾಕಿಸಿಕೊಂಡು ಬನ್ನಿ.